ಹೆಜ್ಜಾರ್ಲೆಗಳ ಊರಿಗೆ ನಿಧಾನ ಪಯಣ

ಒಂದು ದಿನದ ಬಿಡುವಿನಲ್ಲಿ ಕಾರಿನಲ್ಲಿ ಸುತ್ತಬಯಸುವ ದಂಪತಿಗೆ ಕೊಕ್ಕರೆ ಬೆಳ್ಳೂರು ಹೇಳಿ ಮಾಡಿಸಿದ ಊರು. ಜನವರಿಯಿಂದ ಏಪ್ರಿಲ್‌ವರೆಗೆ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರೊಳಗಿನ ಹುಣಸೆ, ಆಲದ ಮರಗಳಲ್ಲಿ ಗೂಡು ಕಟ್ಟಿರುತ್ತವೆ. ಬೆಂಗಳೂರು–ಮೈಸೂರು ಹಳೆಯ ರಸ್ತೆಯಲ್ಲಿ ಬಂದು ರುದ್ರಾಕ್ಷಿಪುರದ ಬಳಿ ಎಡಕ್ಕೆ ತಿರುಗಬೇಕು. ಬಿಸಿಲೇರುವ ಮುನ್ನ ತಲುಪುವುದು ಮೇಲು. ಕಾರು ಊರಂಚಿನಲ್ಲೇ ಇರಲಿ; ಹಾರನ್ ಖಂಡಿತ ಬೇಡ. ತಾಯಿ ಹೆಜ್ಜಾರ್ಲೆಯ ಗಂಟಲಚೀಲಕ್ಕೆ ಮರಿ ತಲೆಯನ್ನೇ ತೂರಿಸಿ ಮೀನು ಕಬಳಿಸುವುದು ಬೀದಿಯಿಂದಲೇ ಕಾಣುತ್ತದೆ. ಹಿಕ್ಕೆಯ ವಾಸನೆ ಸಹಿಸಿ, ಅದನ್ನೇ ಗೊಬ್ಬರ ಮಾಡಿಕೊಂಡು ಹಕ್ಕಿಗಳನ್ನು ಕಾಯ್ದವರು ಊರಿನವರು. 2007ರಲ್ಲಿ ಇದು ಸಮುದಾಯ ಮೀಸಲು ಪ್ರದೇಶವಾಯಿತು. ಕೇಳದೆ ಯಾರ ಅಂಗಳಕ್ಕೂ ಕಾಲಿಡಬಾರದು. ಹೊತ್ತಿದ್ದರೆ ಮದ್ದೂರು ವಡೆ ಸವಿದು, ಮಳವಳ್ಳಿ ಮೇಲೆ ಶಿವನಸಮುದ್ರಕ್ಕೆ ಹೋಗಬಹುದು. ಬೇಸಿಗೆಯಲ್ಲಿ ಅಲ್ಲಿನ ಗಗನಚುಕ್ಕಿ ಜಲಪಾತದಲ್ಲಿ ನೀರು ಕಡಿಮೆ. ಜಲಪಾತಕ್ಕೆಂದೇ ಮಳೆಗಾಲದಲ್ಲಿ ಮತ್ತೊಮ್ಮೆ ಹೊರಡುವುದು ಒಳ್ಳೆಯದು.