ಗ್ಯಾಸು ತುಂಬಿಸುವ ಮೊದಲು: ವಾಹನದ ಎ.ಸಿ.ಯಲ್ಲಿ ವಿದ್ಯುತ್ ದೋಷದ ಪತ್ತೆ

ಏಪ್ರಿಲ್, ಮೇ ತಿಂಗಳುಗಳಲ್ಲಿ ಸಿಂದಗಿ, ಇಂಡಿ ಭಾಗದ ಉಷ್ಣಾಂಶವು 40 ಡಿಗ್ರಿ ದಾಟುವುದು ಹೊಸತಲ್ಲ. ಆದರೆ ವಾಹನದ ಹವಾನಿಯಂತ್ರಣ ವ್ಯವಸ್ಥೆಯು ಈಗ ಕೇವಲ ಕಾರಿನ ಮಾಲೀಕರ ಸುಖದ ಮಾತಾಗಿ ಉಳಿದಿಲ್ಲ. ಕೇಂದ್ರ ಸರ್ಕಾರವು 2023ರ ಡಿಸೆಂಬರ್‌ನಲ್ಲಿ ಹೊರಡಿಸಿದ ಅಧಿಸೂಚನೆಯ ಪ್ರಕಾರ, 2025ರ ಅಕ್ಟೋಬರ್ 1ರಿಂದ ತಯಾರಾಗುವ, ಒಟ್ಟು ತೂಕ ಮೂರೂವರೆ ಟನ್ನಿಗಿಂತ ಹೆಚ್ಚಿರುವ ಸರಕು ವಾಹನಗಳ ಚಾಲಕರ ಕ್ಯಾಬಿನ್ನಿಗೆ ಎ.ಸಿ. ಕಡ್ಡಾಯವಾಗಿದೆ. ತೊಗರಿ, ಹತ್ತಿ, ನಿಂಬೆ ಸಾಗಿಸುವ ಲಾರಿಗಳನ್ನು ಹೊಂದಿರುವ ನಮ್ಮ ವರ್ತಕ ಬಾಂಧವರ ದುರಸ್ತಿ ಖರ್ಚಿನಲ್ಲಿ ಇದರಿಂದ ಹೊಸದೊಂದು ಬಾಬತ್ತು ಸೇರುತ್ತದೆ. ಆ ಬಾಬತ್ತು ಅನಾವಶ್ಯಕವಾಗಿ ಬೆಳೆಯದಂತೆ ನೋಡಿಕೊಳ್ಳಲು ಬೇಕಾದಷ್ಟು ತಿಳಿವಳಿಕೆಯನ್ನು ಕೊಡುವುದೇ ಈ ಲೇಖನದ ಉದ್ದೇಶ.

ತಂಪು ಬರುತ್ತಿಲ್ಲವೆಂದ ಕೂಡಲೇ ‘ಗ್ಯಾಸು ಹೋಗಿದೆ’ ಎಂದು ತೀರ್ಮಾನಿಸುವ ರೂಢಿ ನಮ್ಮಲ್ಲಿದೆ. ಗ್ಯಾಸು ತುಂಬಿಸಿಯೂ ಗುಣ ಕಾಣದಿದ್ದರೆ ಕಂಪ್ರೆಸರನ್ನೇ ಬದಲಿಸಲಾಗುತ್ತದೆ. ವಾಸ್ತವದಲ್ಲಿ ಗ್ಯಾಸು ಡೀಸೆಲ್ಲಿನಂತೆ ಉರಿದು ಮುಗಿಯುವ ವಸ್ತುವಲ್ಲ. ಮುಚ್ಚಿದ ಕೊಳವೆಗಳಲ್ಲಿ ಸುತ್ತುತ್ತಲೇ ಇರುತ್ತದೆ. ಅದು ಗಮನಾರ್ಹವಾಗಿ ಕಡಿಮೆಯಾಗಿದ್ದರೆ ಎಲ್ಲಿಯೋ ಸೋರಿಕೆ ಇದೆಯೆಂದೇ ಅರ್ಥ. ಸೋರಿಕೆಯನ್ನು ತೋರಿಸದೆ ಗ್ಯಾಸು ತುಂಬುವವರ ಮಾತನ್ನು ಅರ್ಧ ಮಾತ್ರ ನಂಬಬೇಕು. ಗ್ಯಾಸು ಸಾಕಷ್ಟಿದ್ದೂ ಕಂಪ್ರೆಸರ್ ತಿರುಗದಿದ್ದರೆ ದೋಷವನ್ನು ಮೊದಲು ವಿದ್ಯುತ್ ಮಾರ್ಗದಲ್ಲಿ ಹುಡುಕತಕ್ಕದ್ದು. ಇದಕ್ಕೆ ಕೆಲವೇ ನೂರು ರೂಪಾಯಿಗಳ ಮಲ್ಟಿಮೀಟರ್ ಸಾಕು.

ಎ.ಸಿ.ಯಲ್ಲಿ ಗಾಳಿ ಬೀಸುವ ಬ್ಲೋವರಿನ ಮಾರ್ಗ ಬೇರೆ, ಕಂಪ್ರೆಸರಿನ ಮಾರ್ಗ ಬೇರೆ. ಗಾಳಿಯೇ ಬರದಿದ್ದರೆ ಬ್ಲೋವರಿನ ಫ್ಯೂಸು, ಮೋಟಾರು ನೋಡಬೇಕು. ಕೊನೆಯ ವೇಗದಲ್ಲಿ ಮಾತ್ರ ಗಾಳಿ ಬಂದು ಉಳಿದ ವೇಗಗಳಲ್ಲಿ ಬಾರದಿದ್ದರೆ ಅನೇಕ ವಾಹನಗಳಲ್ಲಿ ಸುಟ್ಟಿರುವುದು ವೇಗ ನಿಯಂತ್ರಿಸುವ ರೆಸಿಸ್ಟರ್ ಮಾತ್ರ, ಮೋಟಾರನ್ನು ಬದಲಿಸಬೇಕಾಗಿಲ್ಲ.

ಗಾಳಿ ಬರುತ್ತಿದ್ದು ತಂಪಿಲ್ಲದಿದ್ದರೆ ಕಂಪ್ರೆಸರಿನ ಮುಂಭಾಗದ ಕ್ಲಚ್ಚನ್ನು ಗಮನಿಸಿರಿ. ಇದೊಂದು ವಿದ್ಯುತ್ ಅಯಸ್ಕಾಂತ. ಎಂಜಿನ್ ಚಾಲೂ ಇಟ್ಟು ಎ.ಸಿ. ಗುಂಡಿ ಒತ್ತಿದಾಗ ‘ಟಕ್’ ಎಂಬ ಸದ್ದಿನೊಂದಿಗೆ ಮುಂದಿನ ತಟ್ಟೆಯು ಪುಲ್ಲಿಗೆ ಅಂಟಿ ತಿರುಗಬೇಕು. (ಹೆಗಲ ಮೇಲಿನ ವಸ್ತ್ರವನ್ನು ತೆಗೆದಿಟ್ಟು ಈ ಪರೀಕ್ಷೆ ಮಾಡಿರಿ, ಬೆಲ್ಟು ಮತ್ತು ಫ್ಯಾನು ಯಾರನ್ನೂ ಕೇಳಿ ಎಳೆಯುವುದಿಲ್ಲ.) ಕೆಲವು ಹೊಸ ಕಾರುಗಳ ಕಂಪ್ರೆಸರಿಗೆ ಇಂತಹ ಕ್ಲಚ್ಚೇ ಇರುವುದಿಲ್ಲ, ಅಲ್ಲಿ ಸದ್ದು ಕೇಳದಿರುವುದು ದೋಷವಲ್ಲ.

ತಟ್ಟೆ ಅಂಟದಿದ್ದರೆ ಕ್ಲಚ್ಚಿಗೆ ವಿದ್ಯುತ್ ತಲುಪುತ್ತಿದೆಯೇ ಎಂದು ಅಳೆಯಬೇಕು. ಇಲ್ಲಿ ಸಾಮಾನ್ಯವಾಗಿ ಒಂದು ತಪ್ಪಾಗುತ್ತದೆ. ಪ್ಲಗ್ಗನ್ನು ಕಳಚಿ ಅಳೆದಾಗ ಮೀಟರು 12 ವೋಲ್ಟ್ ತೋರಿಸುತ್ತದೆ. ‘ಕರೆಂಟು ಸರಿಯಿದೆ, ಕಂಪ್ರೆಸರ್ ಹೋಗಿದೆ’ ಎಂಬ ತೀರ್ಪು ಬೀಳುತ್ತದೆ. ನಿಂಬೆ ತೋಟದ ಹನಿ ನೀರಾವರಿಯನ್ನು ನೆನೆಯಿರಿ: ಪೈಪಿನ ತುದಿ ಮುಚ್ಚಿದಾಗ, ಒಳಗೆ ಕಸ ಕಟ್ಟಿದ್ದರೂ ಒತ್ತಡ ಪೂರ್ತಿಯಾಗಿಯೇ ಇರುತ್ತದೆ, ನೀರು ಹರಿಯತೊಡಗಿದ ಮೇಲೆಯೇ ಅಡ್ಡಿ ಗೊತ್ತಾಗುವುದು. ವೈರೂ ಹಾಗೆಯೇ. ಒಂದೇ ಎಳೆಯಲ್ಲಿ ನೇತಾಡುವ, ತುಕ್ಕು ಹಿಡಿದ ವೈರು ಕೂಡ ವಿದ್ಯುತ್ ಹರಿಯದಿದ್ದಾಗ ಪೂರ್ಣ ವೋಲ್ಟೇಜ್ ತೋರಿಸಬಲ್ಲದು. ಆದ್ದರಿಂದ ಪ್ಲಗ್ಗನ್ನು ಜೋಡಿಸಿಟ್ಟೇ ಅದರ ಹಿಂಬದಿಯಿಂದ ಅಳೆಯಬೇಕು. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ ಸುಮಾರು 14 ವೋಲ್ಟ್ ಇದ್ದು ಕ್ಲಚ್ಚಿನಲ್ಲಿ 11 ಮಾತ್ರ ಇದ್ದರೆ, ಕಾಣೆಯಾದ 3 ವೋಲ್ಟ್ ದಾರಿಯಲ್ಲಿ ಎಲ್ಲಿ ಸೋತಿದೆಯೆಂದು ಹಂತಹಂತವಾಗಿ ಹುಡುಕಬೇಕು. ಅರ್ಥ್ ಕಡೆಯನ್ನೂ ಮರೆಯಬಾರದು: ಕ್ಲಚ್ಚಿನ ಅರ್ಥ್ ತುದಿಗೂ ಬ್ಯಾಟರಿಯ ಋಣ ತುದಿಗೂ ನಡುವೆ ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ಜೋಡಣೆಯನ್ನು ಬಿಚ್ಚಿ, ಉಜ್ಜಿ, ಬಿಗಿಮಾಡಬೇಕು. ಖರ್ಚು ಒಂದು ತುಂಡು ಉಪ್ಪುಕಾಗದ.

ವಿದ್ಯುತ್ತು ಬರುತ್ತಲೇ ಇಲ್ಲದಿದ್ದರೆ ಫ್ಯೂಸು ಮತ್ತು ರಿಲೇ ನೋಡಿರಿ. ಹಾರ್ನಿನ ರಿಲೇ ಅದೇ ಸಂಖ್ಯೆಯದಾಗಿದ್ದರೆ ಅದಲು ಬದಲು ಮಾಡಿ ನೋಡುವುದೇ ಶೀಘ್ರ ಪರೀಕ್ಷೆ. ಫ್ಯೂಸು ಮತ್ತೆ ಮತ್ತೆ ಹಾರಿದರೆ ದೊಡ್ಡ ಫ್ಯೂಸು ಹಾಕುವುದು ಬೆಂಕಿಯನ್ನು ಆಹ್ವಾನಿಸಿದಂತೆ. ಗೋದಾಮಿನಲ್ಲಿ ನಿಲ್ಲುವ ವಾಹನಗಳಲ್ಲಿ ಇಲಿ ಕಡಿದ ವೈರನ್ನು ಮೊದಲು ಹುಡುಕಿರಿ.

ಮುಂದಿನದು ಪ್ರೆಶರ್ ಸ್ವಿಚ್. ಗ್ಯಾಸಿನ ಒತ್ತಡ ತೀರ ಇಳಿದಾಗ ಅಥವಾ ಏರಿದಾಗ ಇದು ಕಂಪ್ರೆಸರನ್ನು ನಿಲ್ಲಿಸುತ್ತದೆ. ಗ್ಯಾಸಿನೊಂದಿಗೇ ಎಣ್ಣೆಯೂ ಸುತ್ತುವುದರಿಂದ, ಗ್ಯಾಸಿಲ್ಲದೆ ತಿರುಗುವ ಕಂಪ್ರೆಸರ್ ಎಣ್ಣೆಯಿಲ್ಲದೆ ಕೆಡುತ್ತದೆ. ಈ ಸ್ವಿಚ್ಚಿನ ವೈರುಗಳನ್ನು ನೇರವಾಗಿ ಜೋಡಿಸಿ ‘ಚಾಲೂ ಆಯಿತು’ ಎಂದು ವಾಹನ ಒಪ್ಪಿಸುವ ಮಿಸ್ತ್ರಿಯು ಸಣ್ಣ ದೋಷವನ್ನು ದೊಡ್ಡ ಬಿಲ್ಲಾಗಿ ಮಾರ್ಪಡಿಸಿರುತ್ತಾನೆ. ಮೂರು ವೈರುಗಳ ಸೆನ್ಸರ್ ಇದ್ದರಂತೂ ಹಾಗೆ ಜೋಡಿಸಲೇಬಾರದು.

ಬೆಳಿಗ್ಗೆ ಸಿಂದಗಿಯಲ್ಲಿ ತಂಪಾಗಿದ್ದ ಎ.ಸಿ. ಜೇವರ್ಗಿ ಮುಟ್ಟುವಷ್ಟರಲ್ಲಿ ನಿಂತು, ಸಂಜೆ ಮತ್ತೆ ತಾನಾಗಿ ಸರಿಹೋಗುವ ದೂರು ಎಲ್ಲಕ್ಕಿಂತ ಸ್ವಾರಸ್ಯಕರವಾದುದು. ತಾಮ್ರದ ಸುರುಳಿಯ ರೋಧವು ಪ್ರತಿ ಡಿಗ್ರಿಗೆ ಶೇ. 0.39ರಷ್ಟು ಏರುತ್ತದೆ. 25 ಡಿಗ್ರಿಯಲ್ಲಿ 3.6 ಓಮ್ ಇದ್ದ ಕ್ಲಚ್ ಸುರುಳಿ, 100 ಡಿಗ್ರಿಗೆ ಕಾದಾಗ ಸುಮಾರು 4.6 ಓಮ್ ಆಗುತ್ತದೆ. 12 ವೋಲ್ಟಿನ ಲೆಕ್ಕದಲ್ಲಿ 3.3 ಆಂಪಿಯರ್ ಇದ್ದುದು 2.6ಕ್ಕೆ ಕುಸಿಯುತ್ತದೆ. ಹೊಸ ಕ್ಲಚ್ಚಿಗೆ ಇಷ್ಟು ಸಾಕಾಗಬಹುದು. ಆದರೆ ತಟ್ಟೆ ಸವೆದು, ಸಾಮಾನ್ಯವಾಗಿ ಅರ್ಧ ಮಿಲಿಮೀಟರ್ ಆಸುಪಾಸಿನಲ್ಲಿರಬೇಕಾದ ಅಂತರ ಹೆಚ್ಚಿದ್ದರೆ ಕುಗ್ಗಿದ ಅಯಸ್ಕಾಂತಕ್ಕೆ ಅದನ್ನು ಎಳೆಯಲಾಗುವುದಿಲ್ಲ. ತಟ್ಟೆಯ ಹಿಂದಿನ ತೆಳುವಾದ ವಾಷರ್ ಒಂದನ್ನು ತೆಗೆದು ಅಂತರ ಸರಿಪಡಿಸಿದರೆ ಎಷ್ಟೋ ಕಂಪ್ರೆಸರುಗಳು ಉಳಿಯುತ್ತವೆ. ವಾಹನ ಓಡುವಾಗ ತಂಪಿದ್ದು, ನಿಂತಾಗ ಮಾತ್ರ ಹೋಗುವುದಾದರೆ ಸಂಶಯ ಕ್ಲಚ್ಚಿನ ಮೇಲಲ್ಲ, ಕಂಡೆನ್ಸರ್ ಫ್ಯಾನಿನ ಮೇಲೆ.

ಲಾರಿಗಳ ಮಾಲೀಕರು ಗಮನಿಸಬೇಕಾದುದೊಂದಿದೆ. ದೊಡ್ಡ ಲಾರಿಗಳಲ್ಲಿ ವಿದ್ಯುತ್ತು 24 ವೋಲ್ಟಿನದು. ಅಷ್ಟೇ ಶಕ್ತಿಯ ಕ್ಲಚ್ ಸುರುಳಿಯ ರೋಧ ಕಾರಿನದಕ್ಕಿಂತ ನಾಲ್ಕು ಪಟ್ಟು ಇರುತ್ತದೆ. ಕಾರಿನ ಅಂಕಿಗಳಿಗೆ ಹೋಲಿಸಿ ಸುರುಳಿ ಸುಟ್ಟಿದೆಯೆಂದು ಹೇಳಿದರೆ ಒಪ್ಪಬೇಡಿರಿ. ಕಂಪ್ರೆಸರ್ ಬದಲಿಸಲು ಒಪ್ಪಿಗೆ ಕೊಡುವ ಮೊದಲು ಎಂಜಿನ್ ಕಾದಿರುವಾಗ ಕ್ಲಚ್ಚಿನಲ್ಲಿ ಸಿಕ್ಕ ವೋಲ್ಟೇಜ್, ಸುರುಳಿಯ ಓಮ್ ಮತ್ತು ತಟ್ಟೆಯ ಅಂತರ, ಈ ಮೂರು ಅಂಕಿಗಳನ್ನು ಗ್ಯಾರೇಜಿನವರಿಂದ ಅಂದಾಜು ಪಟ್ಟಿಯ ಮೇಲೆ ಬರೆಯಿಸಿಕೊಳ್ಳಿರಿ.