ಕಬ್ಬು ಕಡಿಯುವವರ ಮೊಣಕೈ ನೋವು

ಗೊಬ್ಬರ, ನೀರುಗಳ ವಿಷಯದಲ್ಲಿ ವಹಿಸುವಷ್ಟು ಎಚ್ಚರಿಕೆಯನ್ನು ಕಟಾವಿನ ಆಳುಗಳ ದೇಹಸ್ಥಿತಿಯ ವಿಷಯದಲ್ಲಿ ವಹಿಸುವವರು ವಿರಳ. ಮಂಡ್ಯದ ನಾಲಾ ಬಯಲು ಮೊದಲಾದೆಡೆಗಳಲ್ಲಿ ಕಬ್ಬನ್ನು ಇಂದಿಗೂ ಬಹುಮಟ್ಟಿಗೆ ಕೈಯಿಂದಲೇ ಕಡಿಯುವರು. ಈ ಕೆಲಸದಿಂದ ಒದಗುವ ಮೊಣಕೈ ನೋವನ್ನು ಮೈಗಳ್ಳತನವೆಂದೆಣಿಸುವುದು ತಪ್ಪು.

ಕಾರಣ.— ಮಚ್ಚನ್ನು ಬಿಗಿಹಿಡಿದು ಬೀಸುವಾಗ ಮಣಿಕಟ್ಟನ್ನು ಸ್ಥಿರವಾಗಿ ನಿಲ್ಲಿಸುವ ಮಾಂಸಖಂಡಗಳು, ಕಂಡರಗಳೆಂಬ ಗಟ್ಟಿಯಾದ ನಾರುಗಳ ಮೂಲಕ ಮೊಣಕೈಯ ಹೊರಮಗ್ಗುಲಿನ ಎಲುಬಿಗೆ ಸೇರಿಕೊಂಡಿವೆ. ಒಂದೇ ಬಗೆಯ ಹೊಡೆತವು ದಿನವೆಲ್ಲ ನಡೆದರೆ ಈ ನಾರುಗಳು ಸವೆದು, ಕೂಡಿಕೊಳ್ಳಲು ಅವಕಾಶವಿಲ್ಲದೆ ನೋವುಂಟಾಗುವುದು. ಜರ್ಮನಿಯ ವೈದ್ಯ ರುಂಗೆ ಎಂಬವರು 1873ರಲ್ಲಿ ವರ್ಣಿಸಿದ ಈ ರೋಗಕ್ಕೆ ಬಳಿಕ ‘ಟೆನಿಸ್ ಮೊಣಕೈ’ ಎಂಬ ಹೆಸರಾಯಿತು. ಆದರೆ ಪೀಡಿತರಲ್ಲಿ ಬಹುಮಂದಿ ಆ ಆಟವನ್ನು ಆಡಿದವರಲ್ಲ.

ಲಕ್ಷಣ.— ಮೊಣಕೈಯ ಹೊರಮಗ್ಗುಲನ್ನು ಒತ್ತಿದರೆ ನೋಯುವುದು. ನೀರಿನ ಚೆಂಬನ್ನೆತ್ತುವುದೂ ಒದ್ದೆಬಟ್ಟೆಯನ್ನು ಹಿಂಡುವುದೂ ಕಷ್ಟವಾಗುವುದು. ಕಿರುಬೆರಳು, ಉಂಗುರಬೆರಳುಗಳು ಜೋಮು ಹಿಡಿದರೆ ನರಕ್ಕೆ ಒತ್ತಡವಾಗಿರಬಹುದು; ಅಂಥವರನ್ನು ತಡಮಾಡದೆ ವೈದ್ಯರಲ್ಲಿಗೆ ಕಳುಹಿಸತಕ್ಕದ್ದು.

ನಷ್ಟ.— ಟನ್ನಿನ ಲೆಕ್ಕದಲ್ಲಿ ಕೂಲಿ ಪಡೆಯುವವನು ನೋವನ್ನು ಮುಚ್ಚಿಟ್ಟು ದುಡಿಯುವನು. ಕೊನೆಗೆ ಕೈ ಸೋತು ತಿಂಗಳುಗಟ್ಟಲೆ ಸಂಪಾದನೆ ನಿಲ್ಲುವುದು. ಜಮೀನಿನ ಒಡೆಯನಿಗೂ ಹಾನಿ ತಪ್ಪದು. ಸೋತ ಕೈ ನೆಲಮಟ್ಟಕ್ಕೆ ಕಡಿಯಲಾರದು. ಸಕ್ಕರೆಯಂಶ ಹೆಚ್ಚಾಗಿರುವ ಬುಡಭಾಗವು ಹೊಲದಲ್ಲಿಯೇ ಉಳಿದು, ಕೂಳೆಬೆಳೆಯೂ ಕೆಡುವುದು.

ನಿವಾರಣೆ.—
1. ಮೊಂಡು ಮಚ್ಚಿಗೆ ಒಂದರ ಬದಲು ಎರಡು ಮೂರು ಏಟು ಬೇಕು. ಆದಕಾರಣ ಹೊಲದಲ್ಲಿಯೇ ಸಾಣೆಕಲ್ಲನ್ನಿರಿಸಿ, ಪ್ರತಿದಿನವೂ ಮಸೆಯಿಸಬೇಕು.
2. ಹಿಡಿಯು ಅಂಗೈಗೆ ಒಪ್ಪುವಂತಿರಬೇಕು. ಜಾರುವ ಹಿಡಿಗೆ ಬಟ್ಟೆ ಸುತ್ತಬೇಕು.
3. ಕಡಿಯುವುದು, ಸೋಗೆ ಸುಲಿಯುವುದು, ಕಂತೆ ಕಟ್ಟುವುದು—ಇವನ್ನು ಆಳುಗಳು ಸರದಿಯಂತೆ ಮಾಡಲಿ. ನಡುನಡುವೆ ಅಲ್ಪ ವಿಶ್ರಾಂತಿಯಿರಲಿ.
4. ಹೊರೆಯನ್ನು ಮೈಗೆ ಹತ್ತಿರವಾಗಿ, ಎರಡು ಕೈಗಳಿಂದಲೂ ಎತ್ತಬೇಕು.

ಚಿಕಿತ್ಸೆ.— ನೋವು ಕಂಡೊಡನೆ ಕಡಿಯುವ ಕೆಲಸವನ್ನು ಬಿಡಿಸಿ ಹಗುರವಾದ ಕೆಲಸವನ್ನು ಕೊಡತಕ್ಕದ್ದು. ಕೈಯನ್ನು ಪೂರ್ತಿಯಾಗಿ ಕಟ್ಟಿಹಾಕಬಾರದು. ವೈದ್ಯರು ತೋರಿಸಿದ ವ್ಯಾಯಾಮವನ್ನು ಕ್ರಮವಾಗಿ ಮಾಡಿಸಬೇಕು. ಬರೆ ಹಾಕಿಸುವುದು ಸರ್ವಥಾ ಕೂಡದು. ಸ್ಟೀರಾಯ್ಡ್ ಚುಚ್ಚುಮದ್ದಿನಿಂದ ಕೆಲವು ವಾರ ಶಮನವಾದರೂ ನೋವು ಮರುಕಳಿಸುವುದುಂಟು. ಅದನ್ನು ನಂಬಿ ಮರುದಿನವೇ ಮಚ್ಚು ಹಿಡಿಸಬಾರದು. ಬಹುಮಂದಿಗೆ ಶಸ್ತ್ರಚಿಕಿತ್ಸೆಯಿಲ್ಲದೆ ಒಂದು ವರ್ಷದೊಳಗೆ ಗುಣವಾಗುವುದು.

ಸಾಣೆಕಲ್ಲಿಗೂ ಸರದಿಗೂ ತಗಲುವ ವೆಚ್ಚ ಅತ್ಯಲ್ಪ. ಗ್ರಾಮದ ಮುಖಂಡರು ಕಟಾವಿಗೆ ಮುಂಚೆಯೇ ಈ ಏರ್ಪಾಟುಗಳನ್ನು ಮಾಡಿಸಿದರೆ ಆಳಿನ ಅನ್ನವೂ ಒಡೆಯನ ಬೆಳೆಯೂ ಉಳಿಯುವುವು.