ಪಣಂಬೂರಿನ ಹೊಯ್ಗೆ ಉಪ್ಪುನೀರಿನ ಅಕ್ವೇರಿಯಂಗೆ ಆದೀತೇ?

ಪ್ರಶ್ನೆ: ನಮ್ಮ ಮನೆ ಸುರತ್ಕಲ್‌ನಲ್ಲಿ. ಮೂರಡಿ ಉದ್ದದ ಗಾಜಿನ ತೊಟ್ಟಿಯಲ್ಲಿ ಸಮುದ್ರದ ಕ್ಲೌನ್ ಮೀನು, ಗೋಬಿ ಸಾಕಬೇಕೆಂದು ಆಸೆ. ತಳಕ್ಕೆ ಹಾಕುವ ಮರಳಿಗೆ ಅಂಗಡಿಯವರು ಹೇಳುವ ಬೆಲೆ ಕೇಳಿದರೆ ಕೈ ಕಟ್ಟಿದಂತಾಗುತ್ತದೆ. ಪಣಂಬೂರು ಕಡಲ ದಡದ ಹೊಯ್ಗೆಯನ್ನೇ ತೊಳೆದು ಹಾಕಬಹುದೇ?

ಉತ್ತರ: ಬೇಡ. ಕಡಲ ದಡದಲ್ಲಿದ್ದ ಮಾತ್ರಕ್ಕೆ ಅದು ನಿಮ್ಮ ಮೀನುಗಳು ಬಲ್ಲ ಹೊಯ್ಗೆ ಆಗುವುದಿಲ್ಲ. ಪಣಂಬೂರು, ತಣ್ಣೀರುಬಾವಿ, ಸೋಮೇಶ್ವರದ ಹೊಯ್ಗೆಯಲ್ಲಿ ಹೆಚ್ಚಿನ ಪಾಲು ಘಟ್ಟದ ಬಂಡೆ ಸವೆದು ನೇತ್ರಾವತಿ, ಫಲ್ಗುಣಿಯಂಥ ಹೊಳೆಗಳೊಡನೆ ಇಳಿದು ಬಂದ ಬೆಣಚುಕಲ್ಲಿನ ಪುಡಿ. ಒಂದು ಚಿಟಿಕೆ ತಂದು ಬಿಳಿ ಕಾಗದದ ಮೇಲೆ ಹರಡಿ ಭೂತಗನ್ನಡಿಯಲ್ಲಿ ನೋಡಿ. ಬೆಣಚಿನ ತಿಳಿ ಕಾಳುಗಳ ನಡುವೆ ಕೆಂಪು ಗಾರ್ನೆಟ್ ಸಿಗುತ್ತದೆ, ಮಿರುಗುವ ಕಪ್ಪು ಕಾಳುಗಳೂ ಸಿಗುತ್ತವೆ. ಮಳೆಗಾಲದ ಅಲೆ ದಡ ಕೊರೆದು ಹೋದ ಮೇಲೆ ಅಲ್ಲಲ್ಲಿ ಕಪ್ಪು ಪಟ್ಟೆ ಕಾಣುತ್ತದಲ್ಲ, ಅದು ಇದೇ: ಇಲ್ಮನೈಟ್, ಮ್ಯಾಗ್ನಟೈಟ್‌ನಂಥ ಭಾರದ ಖನಿಜಗಳು.

ಈಗ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಅಯಸ್ಕಾಂತವನ್ನು ಆ ಕಾಗದದ ಮೇಲೆ ಎಳೆಯಿರಿ. ಕಪ್ಪು ಕಾಳುಗಳಲ್ಲಿ ಒಂದಷ್ಟು ಚೀಲಕ್ಕೆ ಅಂಟಿಕೊಳ್ಳುತ್ತವೆ. ತೊಟ್ಟಿಯೊಳಗೂ ಇದೇ ನಡೆಯುತ್ತದೆ. ಗಾಜಿನ ಪಾಚಿ ಉಜ್ಜುವ ಮ್ಯಾಗ್ನೆಟ್ ಬ್ರಷ್ಷಿಗೆ ಈ ಕಾಳು ಸೇರಿಕೊಂಡರೆ ಒಂದೇ ಎಳೆತಕ್ಕೆ ಗಾಜಿನ ಮೇಲೆ ಅಳಿಸಲಾಗದ ಗೀರು ಬೀಳುತ್ತದೆ. ನೀರು ತಿರುಗಿಸುವ ಪಂಪಿನ ರೋಟರ್ ಕೂಡ ಅಯಸ್ಕಾಂತವೇ. ಅದಕ್ಕೆ ಕಾಳು ಹತ್ತಿದರೆ ಪಂಪು ಬೇಗ ಸವೆಯುತ್ತದೆ. ಇದರ ಜತೆಗೆ ಪಣಂಬೂರಿನಲ್ಲಿ 1975ರಿಂದ ದೊಡ್ಡ ಬಂದರಿದೆ, ಹಡಗುಗಳ ಓಡಾಟವಿದೆ. ಮಳೆಗಾಲದ ಹೊತ್ತಿಗೆ ಪಶ್ಚಿಮ ಕರಾವಳಿಯ ದಡಗಳಿಗೆ ಡಾಂಬರಿನ ಉಂಡೆಗಳು ಬಂದು ಬೀಳುವುದೂ ಉಂಟು. ಹೊಯ್ಗೆಗೆ ಹಿಡಿದ ಎಣ್ಣೆ ಬರೀ ನೀರಿಗೆ ಬಿಡುವಂಥದಲ್ಲ.

ಕ್ಲೌನ್ ಮೀನಿನ ತವರಾದ ಹವಳದ ದಿಬ್ಬಗಳಲ್ಲಿ ಹೊಯ್ಗೆ ಹುಟ್ಟುವ ಬಗೆಯೇ ಬೇರೆ. ಹವಳ, ಚಿಪ್ಪು, ಸುಣ್ಣ ಕಟ್ಟುವ ಪಾಚಿ ಇವೆಲ್ಲ ಒಡೆದು ಪುಡಿಯಾಗಿ ಅಲ್ಲಿ ಹೊಯ್ಗೆಯಾಗುತ್ತವೆ. ಗಿಳಿಮೀನುಗಳು ಹವಳದ ಬಂಡೆಯನ್ನು ಕಚ್ಚಿ ಅರೆದು ವಿಸರ್ಜಿಸುವುದೂ ಅದರಲ್ಲಿ ಸೇರಿದೆ. ಲಕ್ಷದ್ವೀಪದ ಬಿಳಿ ದಡಗಳು ಹೀಗೆ ಆದವು. ನಮ್ಮ ಹಳೇ ಬಂದರಿನಿಂದ ಆ ದ್ವೀಪಗಳಿಗೆ ಸಾಮಾನು ಹೋಗುತ್ತದೆ. ವಾಪಸು ಬರುವಾಗ ಒಂದು ಚೀಲ ತರಿಸಿಕೊಡುತ್ತೇನೆ ಎಂದು ಯಾರಾದರೂ ಹೇಳಿದರೆ ಖಂಡಿತ ಒಪ್ಪಬೇಡಿ. ಬಂಡೆ ಕಟ್ಟುವ ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪರಿಶಿಷ್ಟದಲ್ಲಿವೆ. ಹುಲಿಗಿರುವ ರಕ್ಷಣೆಯೇ ಅವಕ್ಕೂ ಇದೆ. ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಚಿಪ್ಪುಗಳನ್ನೂ ಅಲ್ಲೇ ಇರಲು ಬಿಡಿ.

ಹಾಗಾದರೆ ಕೊಳ್ಳುವುದು ಯಾವುದನ್ನು? ಅರಗೊನೈಟ್ ಎಂಬ ಸುಣ್ಣದ ಮರಳನ್ನು. ಮಾರುಕಟ್ಟೆಗೆ ಬರುವುದರಲ್ಲಿ ಬಹಾಮಾಸ್ ಕಡೆಯದು ಹೆಸರುವಾಸಿ. ಇದು ನೀರಿನ ಪಿಎಚ್ ಅನ್ನು 8.2ರಲ್ಲಿ ಹಿಡಿದಿಡುತ್ತದೆ ಎಂದು ಮಾರುವವರು ಹೇಳುತ್ತಾರೆ. ಆ ಮಾತನ್ನು ನಾನು ಒಪ್ಪುವುದಿಲ್ಲ. 8ರ ಮೇಲಿನ ಪಿಎಚ್‌ನಲ್ಲಿ ಅರಗೊನೈಟ್ ಕರಗುವುದೇ ಇಲ್ಲವೆನ್ನಬೇಕು. ಪದರದ ಆಳದಲ್ಲಿ ಆಮ್ಲತೆ ಹೆಚ್ಚಿದ ಕಡೆ ಮಾತ್ರ ಅಷ್ಟಿಷ್ಟು ಕರಗೀತು. ಅದನ್ನು ಆರಿಸಬೇಕಾದ ಕಾರಣ ಬೇರೆ. ಅದರ ಕಾಳು ಗುಂಡಗಿರುತ್ತದೆ, ಲೋಹದ ಚೂರುಗಳು ಇರುವುದಿಲ್ಲ. ಗೋಬಿ ಮೀನು ದಿನವಿಡೀ ಬಾಯಿತುಂಬ ಮರಳು ತೆಗೆದು ಕಿವಿರಿನಿಂದ ಜಾಡಿಸುತ್ತ ಆಹಾರ ಹುಡುಕುತ್ತದೆ. ಮೊನಚು ಕಾಳು ಅದರ ಬಾಯಿ, ಕಿವಿರುಗಳನ್ನು ಗೀರುತ್ತದೆ. ಈ ಕಾರಣಕ್ಕೇ ಮನೆ ಕಟ್ಟಲು ಬಳಸುವ ಎಂ-ಸ್ಯಾಂಡ್ ಆಗದು, ಮರುವಾಯಿ ಚಿಪ್ಪು ಕುಟ್ಟಿದ ಪುಡಿಯೂ ಆಗದು. ಮರುವಾಯಿ ಚಿಪ್ಪು ಕೂಡ ಅರಗೊನೈಟೇ, ಆದರೆ ಕುಟ್ಟಿದರೆ ಅಂಚು ಚೂಪಾಗುತ್ತದೆ.

ಅರಗೊನೈಟ್ ನಿಜಕ್ಕೂ ಕೈಗೆಟುಕದಿದ್ದರೆ ನೀರು ಶುದ್ಧೀಕರಣಕ್ಕೆ ಬಳಸುವ ಶುದ್ಧ ಬೆಣಚು ಮರಳಿನಲ್ಲಿ ಗುಂಡು ಕಾಳಿನದನ್ನು ಹುಡುಕಿ ಹಾಕಿ. ಬೆಣಚು ಮರಳಿನಿಂದ ಕಂದು ಪಾಚಿ ಬರುತ್ತದೆಂಬ ಹೆದರಿಕೆ ಬೇಡ. ಬೆಣಚು ನೀರಿನಲ್ಲಿ ಕರಗುವುದು ತೀರಾ ಕಡಿಮೆ, ಮೊದಲ ವಾರಗಳ ಕಂದು ಪಾಚಿ ಯಾವ ಹೊಸ ತೊಟ್ಟಿಯಲ್ಲಾದರೂ ಬರುತ್ತದೆ. ಅಂಗಡಿಯವರು ಅರಗೊನೈಟ್ ಎಂದು ಕೊಟ್ಟದ್ದರ ಮೇಲೆ ಅನುಮಾನ ಬಂದರೆ ಒಂದು ಚಮಚಕ್ಕೆ ವಿನೆಗರ್ ಹನಿಸಿ. ಸುಣ್ಣದ ಮರಳಾದರೆ ಗುಳ್ಳೆ ಏಳುತ್ತದೆ. ಬೆಣಚಾದರೆ ಸುಮ್ಮನಿರುತ್ತದೆ.

ಕಾಳಿನ ಗಾತ್ರ 1ರಿಂದ 2 ಮಿ.ಮೀ. ಇರಲಿ, ಮರಳು ಜಾಡಿಸುವ ಗೋಬಿಗೆ ಇನ್ನೂ ಸಣ್ಣದಾದರೆ ಒಳ್ಳೆಯದು. ಪದರ 3ರಿಂದ 4 ಸೆಂ.ಮೀ. ಸಾಕು. ನಿಮ್ಮ ತೊಟ್ಟಿಯ ತಳ 90 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲ ಎಂದಿಟ್ಟುಕೊಂಡರೆ 4 ಸೆಂ.ಮೀ. ದಪ್ಪಕ್ಕೆ 16 ಲೀಟರಿನಷ್ಟು, ಅಂದರೆ ಸುಮಾರು 24 ಕೆ.ಜಿ. ಬೇಕು. ಹತ್ತು ಸೆಂ.ಮೀ. ಮೀರಿದ ದಪ್ಪ ಪದರದ ಆಳದಲ್ಲಿ ಆಮ್ಲಜನಕವಿಲ್ಲದ ಕಡೆ ಬದುಕುವ ಬ್ಯಾಕ್ಟೀರಿಯಾ ನೈಟ್ರೇಟನ್ನು ಸಾರಜನಕ ಅನಿಲ ಮಾಡಿ ಬಿಡುತ್ತವೆ, ನಿಜ. ಆದರೆ ಅದು ಕೈ ಪಳಗಿದವರ ಕೆಲಸ. ಅಲ್ಲಿ ಕೊಳೆ ಸೇರಿದರೆ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ, ಪದರ ಕಲಕಿದಾಗ ಅದು ಮೀನುಗಳಿಗೆ ವಿಷ. ಮಳೆಗಾಲದಲ್ಲಿ ಗಂಟೆಗಟ್ಟಲೆ ಕರೆಂಟು ಹೋಗುವ ನಮ್ಮೂರಿನಲ್ಲಿ ದಪ್ಪ ಪದರದ ಗೊಡವೆ ಬೇಡ. ತೆಳು ಪದರ ಹಾಕಿದರೂ ಬ್ಯಾಟರಿಯ ಏರ್ ಪಂಪೊಂದು ಮನೆಯಲ್ಲಿರಲಿ.

ತೊಳೆಯುವಾಗ ಅವಸರ ಮಾಡಬೇಡಿ. ಸೋಪು ಎಂದೂ ತಾಗದ ಬಕೆಟ್ಟಿಗೆ ಮೂರ್ನಾಲ್ಕು ಲೀಟರಿನಷ್ಟು ಮರಳು ಹಾಕಿ, ಪೈಪನ್ನು ತಳದವರೆಗೆ ಇಳಿಸಿ ನೀರು ಬಿಟ್ಟು ಕೈಯಲ್ಲಿ ಕಲಕಿ. ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಿನ ಬಗ್ಗಡ ಉಕ್ಕಿ ಹೋಗುತ್ತದೆ. ಅದು ತಿಳಿಯಾಗುವವರೆಗೆ ಮತ್ತೆ ಮತ್ತೆ ತೊಳೆಯಿರಿ. ಇದಕ್ಕೆ ಬಾವಿ ನೀರಾದರೂ ಸರಿ, ತುಂಬೆಯಿಂದ ಬರುವ ನಳ್ಳಿ ನೀರಾದರೂ ಸರಿ. ಕೊನೆಯ ಜಾಲಾಟ ಮಾತ್ರ ಆರ್‌ಒ ನೀರಿನಲ್ಲಿ ಆಗಲಿ, ನಳ್ಳಿ ನೀರಿನ ಕ್ಲೋರಿನ್ ಉಳಿಯಬಾರದು. ತೇವದಲ್ಲೇ ಪ್ಯಾಕ್ ಮಾಡಿದ, ಬ್ಯಾಕ್ಟೀರಿಯಾ ಇರುವ ‘ಲೈವ್ ಸ್ಯಾಂಡ್’ ಕೊಂಡಿದ್ದರೆ ತೊಳೆಯಲೇಬೇಡಿ.

ಕಲ್ಲುಗಳನ್ನು ಮೊದಲು ತಳದ ಗಾಜಿನ ಮೇಲೆ ಕೂರಿಸಿ, ಆಮೇಲೆ ಸುತ್ತ ಮರಳು ಹರಡಿ. ಮರಳಿನ ಮೇಲೆ ಕಲ್ಲಿಟ್ಟರೆ ಗೋಬಿ ಅಡಿಯಲ್ಲಿ ಕೊರೆದಾಗ ಕಲ್ಲು ಉರುಳಿ ಮೀನು ಸಾಯುತ್ತದೆ, ಗಾಜೂ ಒಡೆದೀತು. ಉಪ್ಪುನೀರನ್ನು ಮರಳಿನ ಮೇಲಿಟ್ಟ ತಟ್ಟೆಗೆ ನಿಧಾನವಾಗಿ ಹೊಯ್ಯಿರಿ. ಒಂದೆರಡು ದಿನ ನೀರು ಮಬ್ಬಾಗಿದ್ದರೆ ಚಿಂತೆಯಿಲ್ಲ.

ಬ್ಯಾಕ್ಟೀರಿಯಾ ನೆಲೆಗೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಪರೀಕ್ಷಾ ಕಿಟ್ಟಿನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸುವವರೆಗೆ ದಯವಿಟ್ಟು ಒಂದು ಮೀನನ್ನೂ ತರಬೇಡಿ. ತರುವಾಗಲೂ ಸಮುದ್ರದಲ್ಲಿ ಹಿಡಿದದ್ದನ್ನು ಬಿಟ್ಟು ತೊಟ್ಟಿಯಲ್ಲೇ ಮರಿ ಮಾಡಿಸಿದ ಕ್ಲೌನ್ ಮೀನನ್ನೇ ಕೇಳಿ ಕೊಳ್ಳಿ.